ಸುಗ್ಗಿ ಹಬ್ಬಕ್ಕೆ ವೆಲ್ಡಿಂಗ್ ಮೆಷಿನ್

ನಾನು ಶಾಲೆ ಬಿಟ್ಟದ್ದು ೧೯೮೧ರಲ್ಲಿ, ಏಳನೆಯ ತರಗತಿಗೆ. ಅದಕ್ಕೆ ನಾಚಿಕೆಯಿಲ್ಲ, ಕಲಬುರಗಿಯ ಕಪನೂರಿನ ನನ್ನ ಶೆಡ್ಡಿನಲ್ಲಿ ಬೆಸೆದ ಗೇಟುಗಳನ್ನು ದಿನಾ ತೆಗೆದು ಮುಚ್ಚುವವರು ಓದಿದವರೇ. ಇದೆಲ್ಲ ಈಗ ನೆನಪಾಗಲು ಕಾರಣ ಕಮಲಾಪುರದಿಂದ ಬಂದ ಕೆಂಪು ಬಾಳೆಯ ಗೊನೆ. ಹಣ್ಣಾಗುತ್ತಿರುವ ಅದರ ವಾಸನೆ ಮನೆ ತುಂಬಿದೆ. ನನಗೆ ಆ ವಾಸನೆಯೆಂದರೆ ಚರ್ಚಿನ ಸುಗ್ಗಿ ಹಬ್ಬ.

ನಮ್ಮೂರು ಕಮಲಾಪುರ. ಅಲ್ಲಿ ಆ ದಿನ ಬೆಳೆದದ್ದರ ಮೊದಲ ಪಾಲನ್ನು ತಂದು ವೇದಿಯ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಹರಾಜು. ನಮ್ಮವ್ವ ಪ್ರತಿ ವರ್ಷ ತಾನು ತಂದ ಗೊನೆಯನ್ನು ತಾನೇ ಕೂಗಿ ಕೊಂಡು, ಅಲ್ಲೇ ಎಲ್ಲರಿಗೂ ಹಂಚುವಳು. ಅವಳು ಕೂಗಿದ ಮೇಲೆ ಬೇರೆ ಯಾರೂ ಕೂಗುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಕಲಬುರಗಿಯ ಒಂದು ಪೆಂಡಾಲಿಗೆ ಹೊರಗಿನ ಬೋಧಕರೊಬ್ಬರು ಬಂದರು. ಒಳ್ಳೆಯ ಸೂಟು, ಅದಕ್ಕಿಂತ ಒಳ್ಳೆಯ ಮೈಕು. ದೇವರ ಮಕ್ಕಳಿಗೆ ಬಡತನವಿಲ್ಲ, ಬಂಜೆತನವಿಲ್ಲ. ಪ್ರಿಯವಾದುದನ್ನು ಬಿತ್ತಿರಿ, ನೂರುಪಟ್ಟು ಕೊಯ್ಯಿರಿ. ಬೆಳೆ ಬರದಿದ್ದರೆ ನಂಬಿಕೆಯಲ್ಲೇ ಕೊರತೆ ಎಂದರು. ಮದುವೆಯಾಗಿ ವರ್ಷಗಳಾದರೂ ನಮಗೆ ಮಕ್ಕಳಿರಲಿಲ್ಲ. ಅಂದಿನಿಂದ ನನ್ನ ಹೆಂಡತಿ ಸುಶೀಲಾ ಹೊತ್ತು ಹೊತ್ತಿಗೆ ಊಟ ಬಿಟ್ಟು ಪ್ರಾರ್ಥನೆಗೆ ಕೂರತೊಡಗಿದಳು.

"ನನ್ನ ನಂಬಿಕಿನೇ ಸಣ್ಣದೇನ್ರೀ?"

ಬಿತ್ತಲು ನನಗಿದ್ದ ಪ್ರಿಯವಾದ ವಸ್ತುವೆಂದರೆ ವೆಲ್ಡಿಂಗ್ ಮೆಷಿನ್ ಒಂದೇ. ದುಡಿಯುವವನ ಬುದ್ಧಿ ನೋಡಿ: ದೇವರಿಗೂ ಮುಂಗಡ ಕೊಟ್ಟು ಕೆಲಸಕ್ಕೆ ಹಚ್ಚಲು ಹೊರಟೆ.

ಸುಗ್ಗಿ ಹಬ್ಬದ ದಿನ ಅದನ್ನು ಟೆಂಪೋದಲ್ಲಿ ಕಮಲಾಪುರಕ್ಕೆ ಹೇರಿಕೊಂಡು ಹೋಗಿ ವೇದಿಯ ಮುಂದೆ ಕುಂಬಳಕಾಯಿ, ಕೋಳಿಗಳ ನಡುವೆ ಇಟ್ಟೆ. ನಮ್ಮ ಅಯ್ಯನವರು, ವಯಸ್ಸಾದ ಸಭಾಪಾಲಕರು, ಕನ್ನಡಕ ಸರಿಸಿ ನೋಡಿದರು.

"ಇದು ಯಾವ ಹೊಲದಾಗ ಬೆಳೀತದಪಾ?"

ಜನ ನಕ್ಕರು. ನಾನು ಕಾರಣ ಹೇಳಿದೆ. ನಗು ನಿಂತಿತು. ಅಯ್ಯನವರು ಸುಶೀಲಾಳ ಕಡೆ ತಿರುಗಿದರು.

"ಈ ಬೋಧನೆ ದೂರದ ಅಮೆರಿಕದಾಗ ಹುಟ್ಟಿ, ರೇಡಿಯೋ, ಟಿವಿ ಹಿಡಕೊಂಡು ಇಲ್ಲಿತನಕ ಬಂದದ ತಂಗಿ. ಹೊಟ್ಟಿ ತುಂಬಿದವರಿಗಿ ಛಲೋ ಕೇಳಸ್ತದ, ನೊಂದವರಿಗಿ ಮತ್ತಷ್ಟು ನೋವು ಕೊಡ್ತದ. ಯೇಸುಸ್ವಾಮಿಗೇ ತಲಿ ಇಡಾಕ ಜಾಗಾ ಇದ್ದಿಲ್ಲ. ಹಂಗಾರ ಆತನ ನಂಬಿಕಿ ಸಣ್ಣದೇನು? ನಿನ್ನದೇನೂ ತಪ್ಪಿಲ್ಲವ್ವಾ. ಮೊದಲ ಹೋಗಿ ಉಣ್ಣು."

ಆದರೆ ಇಟ್ಟದ್ದನ್ನು ಎತ್ತಿಕೊಳ್ಳಲು ನನ್ನ ಅಭಿಮಾನ ಒಪ್ಪಬೇಕಲ್ಲ! "ಕೊಟ್ಟದ್ದು ಕೊಟ್ಟೀನ್ರಿ" ಎಂದೆ. ಹರಾಜು ಶುರುವಾಯಿತು. ಮೆಷಿನ್ನಿನ ಸರದಿಗೆ ಹಿಂದಿನ ಸಾಲಿನಿಂದ ಅವ್ವನ ದನಿ ಬಂತು:

"ಹತ್ತು ರೂಪಾಯಿ!"

ಆ ಮೆಷಿನ್ನಿನ ಬೆಲೆ ಬಲ್ಲವರು ಅಲ್ಲಿ ಬೇಕಾದಷ್ಟಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ನಡುವೆ ಒಂದು ಕೋಳಿ ಕೂಗಿತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

"ಇನ್ನ ಇದು ನಂದು" ಎಂದಳು ಅವ್ವ. "ದುಡಿಲಾಕ ನಿನಗ ಕೊಡ್ತೀನಿ. ನನಗ ನೂರುಪಟ್ಟು ಬ್ಯಾಡೋ ಹುಚ್ಚಪ್ಪ, ಆಕಿನ್ನ ಊಟಕ್ಕ ಕರಕೊಂಡು ನಡಿ."

ಸುಶೀಲಾ ಅಂದು ಎರಡು ಸಾರಿ ಬಡಿಸಿಕೊಂಡಳು. ವಾಪಸು ಬರುವಾಗ ಟೆಂಪೋದಲ್ಲಿ ಮೆಷಿನ್ನಿಗೇ ಒರಗಿ ಗಾಢವಾಗಿ ನಿದ್ದೆ ಹೋದಳು. ನಾನು ದಾರಿಯುದ್ದಕ್ಕೂ ಅವಳ ತಲೆ ಅಲುಗದಂತೆ ಕೈ ಕೊಟ್ಟು ಕುಳಿತಿದ್ದೆ.

ಈಗಷ್ಟೇ ಸುಶೀಲಾ ಗೊನೆಯಿಂದ ಮೊದಲ ಹಣ್ಣು ಮುರಿದು ನನ್ನ ಕೈಗಿಟ್ಟಳು. ನಮಗೆ ಮಕ್ಕಳಾಗಲಿಲ್ಲ. ತನ್ನ ನಂಬಿಕೆ ಸಣ್ಣದೇ ಎಂಬ ಆ ಪ್ರಶ್ನೆಯನ್ನು ಅವಳು ಮತ್ತೆಂದೂ ಕೇಳಲಿಲ್ಲ. ಇವತ್ತಿಗೆ ನನ್ನ ಹತ್ತಿರ ಇರುವುದು ಎರಡು ಕೋಣೆಯ ಮನೆ, ಒಂದು ಶೆಡ್ಡು, ತೀರಿಹೋದ ಅವ್ವನ ಒಂದು ಮೆಷಿನ್, ಮತ್ತು ಸುಶೀಲಾ.