ಬೆಳಕು ಹಾಯಿಸಿಕೊಂಡ ಮಕ್ಕಳು

ನಮ್ಮ ಅವ್ವ ಎಕ್ಸ್-ರೇ ಎನ್ನುತ್ತಿರಲಿಲ್ಲ, 'ಬೆಳಕು ಹಾಯಿಸೋದು' ಎನ್ನುತ್ತಿದ್ದಳು. ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಾವಿದ್ದದ್ದು ಲಕ್ಷ್ಮೇಶ್ವರದಲ್ಲಿ, ಅಪ್ಪ ಶಾಲಾ ಮಾಸ್ತರ. ನನಗೋ ತಂಗಿಗೋ ಕೆಮ್ಮು ಬಂತೆಂದರೆ ಸಾಕು, ಅವ್ವ ಇಬ್ಬರನ್ನೂ ಬಸ್ಸಿಗೆ ಹತ್ತಿಸಿ ಬೆಟಗೇರಿಯ ಡಾಕ್ಟರರ ಬಳಿ ಕರೆದೊಯ್ಯುತ್ತಿದ್ದಳು. ಅಪ್ಪನ ತಮ್ಮ ಕ್ಷಯದಿಂದ ತೀರಿಕೊಂಡಿದ್ದ. ಆ ಹೆದರಿಕೆ ಅವಳನ್ನು ಬಿಟ್ಟೇ ಇರಲಿಲ್ಲ.

ಡಾಕ್ಟರರ ಬಳಿ ಎದೆಯೊಳಗನ್ನು ಆಗಿಂದಾಗಲೇ ತೋರಿಸುವ ಪರದೆಯ ಯಂತ್ರವಿತ್ತು. ಕಿಟಕಿಗೆ ಕರಿ ಬಟ್ಟೆ. ಕತ್ತಲೆಗೆ ಕಣ್ಣು ಹೊಂದಲೆಂದು ಅವರು ಮೊದಲೇ ಕೆಂಪು ಕನ್ನಡಕ ಹಾಕಿಕೊಂಡು ಕೂತಿರುತ್ತಿದ್ದರು. ನೋಡಿದರೆ ನಮಗೆ ನಗು ತಡೆಯುತ್ತಿರಲಿಲ್ಲ. ಅಂಗಿ ಬಿಚ್ಚಿ, ತಣ್ಣನೆಯ ಹಲಗೆಗೆ ಎದೆ ಆನಿಸಿ ನಿಲ್ಲಬೇಕು. ಪರದೆಯ ಮೇಲೆ ಹಸಿರಾಗಿ ಮೂಡಿದ ನಮ್ಮ ಪಕ್ಕೆಲುಬುಗಳಿಗೆ ಅವ್ವ ಕೈಮುಗಿಯುತ್ತಿದ್ದಳು.

"ಏನೂ ಇಲ್ರೀ, ಸಾದಾ ಕೆಮ್ಮು" ಎಂದು ಡಾಕ್ಟರು ದೀಪ ಹಚ್ಚಲು ಹೋದರೆ ಅವಳು ಬಿಡಬೇಕಲ್ಲ! "ಗಂಟಲಾನೂ ಒಂದೀಟ ನೋಡ್ರಿ. ಅಷ್ಟ ದೂರದಿಂದ ಬಂದೇವಿ, ಇನ್ನೊಂಚೂರು ಹಾಯಸ್ರಿ." ಡಾಕ್ಟರು ಪಾಪದವರು, ಹಾಯಿಸುತ್ತಿದ್ದರು. ಬೇಡ ಎನ್ನಬೇಕೆಂದು ಆಗ ಅವರಿಗೂ ಅನ್ನಿಸಿರಲಿಕ್ಕಿಲ್ಲ.

ಬೆಳಕು ಬರೀ ತೋರಿಸುವುದಲ್ಲ, ವಾಸಿಯೂ ಮಾಡುತ್ತದೆ ಎಂದು ಅವ್ವ ನಂಬಿದ್ದಳು. ಅಂಗಳದಲ್ಲಿ ಹರವಿದ ಮೆಣಸಿನಕಾಯಿಯಂತೆ ಒಳಗಿನ ಕಫ ಒಣಗುತ್ತದಂತೆ. ಸಾದಾ ಕೆಮ್ಮು, ನಾಲ್ಕು ದಿನಕ್ಕೆ ತಾನಾಗಿ ಹೋಗುತ್ತಿತ್ತು. ಅವಳ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಊರ ಮಕ್ಕಳಿಗೆಲ್ಲ ಬುದ್ಧಿ ಹೇಳುತ್ತಿದ್ದ ಅಪ್ಪನಿಗೆ ಇವಳಿಗೆ ಹೇಳುವ ಧೈರ್ಯವಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ತಂಗಿಯ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ನೋವಿಲ್ಲ, ನುಂಗಿದರೆ ಮೇಲೆ ಕೆಳಗೆ ಆಡುತ್ತದೆ. ಆ ಹೊತ್ತಿಗೆ ನಾನು ಮದುವೆಯಾಗಿ ಶಿರಹಟ್ಟಿಯಲ್ಲಿದ್ದೆ. ಅವ್ವ, ತಂಗಿ, ನಾನು ಮೂವರೂ ಗದಗಿನ ಆಪರೇಶನ್ ಡಾಕ್ಟರರ ಬಳಿ ಹೋದೆವು. ಹಿಂದಿನ ವಾರವೇ ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದ್ದರು. ಕ್ಯಾನ್ಸರ್ ಗಂಟು, ಬೇಗ ತೆಗೆಸಿದರೆ ಹೆಚ್ಚಾಗಿ ವಾಸಿಯಾಗುತ್ತದೆ ಎಂದರು. ಅವರು ಹೇಳಿದಂತೆಯೇ ಆಯಿತು, ಆದರೆ ಆ ದಿನ ಅದು ನಮಗೇನು ಗೊತ್ತು?

"ಸಣ್ಣಾಕಿದ್ದಾಗ ಎಕ್ಸ್-ರೇ ಭಾಳ ಆಗ್ಯಾವೇನ್ರಿ?" ಎಂದು ಡಾಕ್ಟರು ಕೇಳಿದರು. ಅವ್ವ ಬೆಟಗೇರಿಯ ಕಥೆಯನ್ನೆಲ್ಲ ಹೆಮ್ಮೆಯಿಂದಲೇ ಹೇಳಿದಳು. ಅವರು ಬೈಯಲಿಲ್ಲ. ಎಳೆಯ ಕುತ್ತಿಗೆಗೆ ಸ್ವಲ್ಪ ಸ್ವಲ್ಪವಾಗಿ ಬಿದ್ದ ಆ ಕಿರಣ ಎಷ್ಟೋ ವರ್ಷಗಳ ಮೇಲೆ ಹೀಗೆ ಮಾಡಬಹುದು ಎಂದರು. ಅವ್ವನಿಗೆ ಸಿಟ್ಟು ಬಂತು. ನನ್ನತ್ತ ಕೈಮಾಡಿ, "ಇಬ್ರೂ ಕೂಡೇ ನಿಂತಾರ್ರಿ. ಈಕಿಗ್ಯಾಕ ಆಗಿಲ್ಲ?" ಎಂದಳು.

"ಎಲ್ಲಾರ ಮೈ ಒಂದ ಥರ ಇರೂದಿಲ್ರೀ. ಕೆಲವ್ರ ಮೈ ಹುಟ್ಟಿನಿಂದನ ಅದನ್ನ ತಡಕೊಳ್ಳೂದಿಲ್ಲ. ಅದು ರಕ್ತದಾಗ ಬರ್ತೈತಿ ಅಂತ ಕಾಣ್ತೈತಿ, ಪಕ್ಕಾ ಯಾರಿಗೂ ಗೊತ್ತಿಲ್ಲ. ನಿಮ್ಮ ಮನ್ಯಾಗ ಯಾರಿಗರೆ ಇಂಥಾ ಗಂಟು ಇತ್ತೇನ್ರಿ? ಇದ್ರ ಈಕಿ ಕುತ್ತಿಗಿನೂ ಈಗ ನೋಡಬೇಕು, ಮುಂದೂ ನೋಡಕೋಂತ ಇರಬೇಕು."

"ಯಾರಿಗೂ ಇಲ್ರಿ" ಎಂದಳು ಅವ್ವ, ತಟ್ಟನೆ.

ಇತ್ತು. ಶಿಗ್ಲಿಯಲ್ಲಿದ್ದ ಅವಳ ಅಕ್ಕನಿಗೆ, ನಮ್ಮ ದೊಡ್ಡವ್ವನಿಗೆ, ಇತ್ತು. ಬೇಸಿಗೆಯಲ್ಲೂ ಆಕೆ ಕುತ್ತಿಗೆಗೆ ಸೆರಗು ಬಿಗಿದೇ ಇರುತ್ತಿದ್ದಳು. ಗಂಟಿನ ಮನೆತನವೆಂದು ಹೆಸರಾದರೆ ಹೆಣ್ಣುಮಕ್ಕಳನ್ನು ಯಾರು ಮಾಡಿಕೊಳ್ಳುತ್ತಾರೆ? ದೊಡ್ಡವ್ವನ ಮಗಳಿಗೆ ಮುಂಡರಗಿಯ ಗಂಡು ಗೊತ್ತಾಗಿತ್ತು. ಆ ಹುಡುಗಿಯೂ ರಜೆಗೆ ಬಂದಾಗಲೆಲ್ಲ ನಮ್ಮೊಂದಿಗೆ ಬೆಳಕಿಗೆ ನಿಂತವಳೇ. ನಾನು ಹೇಳಿಯೇ ಬಿಡಬೇಕೆಂದು ಬಾಯಿ ತೆರೆದೆ, ಕುತ್ತಿಗೆ ನನ್ನದಲ್ಲವೇ. ಅವ್ವ ತೊಡೆ ಚಿವುಟಿದಳು. ಮದುವೆಯಾದ ಮಗಳನ್ನು!

ಡಾಕ್ಟರು ಆಪರೇಶನ್ನಿನ ದಿನ ಹೇಳಿ ಏಳುವುದರಲ್ಲಿದ್ದರು. ಅವ್ವ ತಂಗಿಯ ಕುತ್ತಿಗೆ ನೋಡಿದಳು, ಆಮೇಲೆ ನನ್ನದು.

"ಕುಂಡ್ರಿ ಸಾಹೇಬ್ರ. ಸುಳ್ಳ ಹೇಳಿದೆ. ನಮ್ಮಕ್ಕಗ ಐತಿ. ನಮ್ಮವ್ವಗೂ ಇತ್ತು."

ಅಜ್ಜಿಯ ವಿಷಯ ನನಗೇ ಗೊತ್ತಿರಲಿಲ್ಲ. ಡಾಕ್ಟರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಹಿಂದೆ ನಿಂತು, ಗಂಟಲಿಗೆ ಬೆರಳಿಟ್ಟು "ನುಂಗವಾ" ಎಂದರು. ಬಾಯಿ ಒಣಗಿತ್ತು, ನುಂಗಲು ಉಗುಳೇ ಇರಲಿಲ್ಲ. ತಂಗಿ ನೀರು ತಂದುಕೊಟ್ಟಳು. "ಸದ್ಯ ಕೈಗೆ ಏನೂ ಹತ್ತವಲ್ದು. ವರ್ಷಕ್ಕೊಮ್ಮಿ ಬಂದು ತೋರಿಸ್ಕೊಂಡ ಹೋಗು" ಎಂದರು. ನಾನು ಅಲ್ಲೇ ಎಲ್ಲರೆದುರು ಅತ್ತೆ.

ಅವ್ವ ಅಳಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು ಕೇಳಿದಳು: "ಅಂದ್ರ ರಕ್ತಾನೂ ನಂದ, ಬೆಳಕ ಹಾಯಿಸಿದಾಕಿನೂ ನಾನ. ಅವರಪ್ಪನ ಕಡಿಯಿಂದ ಒಂಚೂರರೆ ಬಂದಿರೂದಿಲ್ಲೇನ್ರಿ?"

ತಂಗಿ ಅವ್ವನ ಕೈಯನ್ನು ಮೇಜಿನಿಂದ ಮೆಲ್ಲಗೆ ಬಿಡಿಸಿದಳು.

"ಯಾರ ಕಡಿಯಿಂದರೆ ಬರಲೇಳವ್ವಾ. ನಡಿ, ಮೊದಲ ಶಿಗ್ಲಿಗೆ ಹೋಗೂಣು. ದೊಡ್ಡವ್ವನ ಮಗಳ ಕುತ್ತಿಗಿನೂ ಯಾರರೆ ನೋಡಬೇಕಲ್ಲ."