ಧಾರೆಗೆ ಮುಂಚಿನ ಹತ್ತು ದಿನ

ಮಧುಗಿರಿಯ ಒಂದು ಸಣ್ಣ ಅಂಗಡಿಯಲ್ಲಿ ನಾನು ಮದುವೆಯ ಆಲ್ಬಂ ಜೋಡಿಸುವ ಕೆಲಸ ಮಾಡುತ್ತೇನೆ. ಫೋಟೋ ತೆಗೆಯುವವರು ತಂದುಕೊಡುವ ಮೆಮೊರಿ ಕಾರ್ಡುಗಳಿಂದ ಒಳ್ಳೆಯವನ್ನು ಆರಿಸಿ, ಕಂಪ್ಯೂಟರಿನಲ್ಲಿ ಪುಟಪುಟವಾಗಿ ಹೊಂದಿಸಿ ಅಚ್ಚಿಗೆ ಕಳಿಸುತ್ತೇನೆ. ಎಷ್ಟೋ ವರ್ಷಗಳಿಂದ ಊರೂರಿನ ಮದುವೆಗಳನ್ನು ಪರದೆಯ ಮೇಲೆ ನೋಡಿದ್ದೆನೇ ಹೊರತು, ಹೋದ ವರ್ಷದವರೆಗೆ ಒಂದು ಮದುವೆಯಲ್ಲೂ ಕ್ಯಾಮೆರಾ ಹಿಡಿದು ನಿಂತವಳಲ್ಲ. ಅಂಥ ನನ್ನನ್ನು ಎರಡನೇ ಫೋಟೋಗ್ರಾಫರಾಗಿ ಬಾ ಎಂದು ಕರೆದವರು ಕೊರಟಗೆರೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ಒಬ್ಬ ಹೆಂಗಸು. ಐವತ್ತರ ಆಸುಪಾಸಿನವರು. ತಂದೆಯಿಂದ ಕ್ಯಾಮೆರಾ ಕಲಿತವರು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತೇನೆ.

ಅಕ್ಕನ ಪರಿಚಯವಾದದ್ದೇ ಜಗಳದಿಂದ. ಅವರ ಮೊದಲ ಆಲ್ಬಂ ನನ್ನ ಕೈಗೆ ಬಂದಾಗ, ಎಲ್ಲರಿಗೂ ಮಾಡುವ ಹಾಗೆ ಮದುಮಗಳ ಮುಖವನ್ನು ನುಣ್ಣಗೆ, ಬೆಳ್ಳಗೆ ಮಾಡಿ ಕಳಿಸಿದ್ದೆ. ಮಾರನೆಯ ದಿನ ಅವರು ಸ್ಕೂಟರಿನಲ್ಲಿ ಬಂದು, ಪುಟ ತೆರೆದು ನನ್ನ ಮುಂದಿಟ್ಟರು.

"ಈ ಹುಡುಗಿ ಯಾರಮ್ಮ?"

"ಮದುಮಗಳು, ಮೇಡಂ."

"ಅಲ್ಲ ಬುಡು. ಈ ಹುಡುಗಿ ಮದುವೆಗೆ ನಾನು ಹೋಗೇ ಇಲ್ಲ."

ದನಿ ಏರಿಸದೆ ಹೇಳಿದರು. ನಾನು ಕೂತು ಎಲ್ಲ ಪುಟಗಳನ್ನೂ ಮತ್ತೆ ಮಾಡಿದೆ. ಅಂದಿನಿಂದ ಅವರ ಫೋಟೋಗಳಲ್ಲಿ ಯಾರ ಚರ್ಮವನ್ನೂ ನಾನು ಮುಟ್ಟಿಲ್ಲ. ನಿಧಾನಕ್ಕೆ ಬೇರೆಯವರ ಫೋಟೋಗಳಲ್ಲೂ ಮುಟ್ಟುವುದು ಕಡಿಮೆಯಾಯಿತು.

ಹೋದ ವರ್ಷ ಅವರ ಜೊತೆ ಎರಡನೇ ಕ್ಯಾಮೆರಾ ಹಿಡಿಯುತ್ತಿದ್ದ ಅವರ ತಮ್ಮ ಬೈಕಿನಿಂದ ಬಿದ್ದು ಕೈ ಮುರಿದುಕೊಂಡರು. ಅಕ್ಕ ಅಂಗಡಿಗೆ ಬಂದು, ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ಹತ್ತು ದಿನಕ್ಕೆ ಶಿರಾದಾಗೆ ಒಂದು ಮದುವೆ ಐತೆ. ನೀನು ಬಾ."

"ನನಗೆ ಕ್ಯಾಮೆರಾ ಹಿಡಿಯಕ್ಕೇ ಬರಲ್ಲ ಅಕ್ಕ."

"ಅದನ್ನ ಕಲಿಸ್ಬೋದು. ಯಾವ ಫೋಟೋ ಇಲ್ದಿದ್ರೆ ಆಲ್ಬಂ ಕುಂಟ್ತದೆ ಅನ್ನೋದು ನಿನಗೆ ಗೊತ್ತೈತೆ. ಅದನ್ನ ಕಲ್ಸಕ್ಕಾಗಲ್ಲ."

ಆ ಮಾತಿಗೆ ಸೋತು ಒಪ್ಪಿಕೊಂಡೆ.

ಅವರು ತಮ್ಮನ ಕ್ಯಾಮೆರಾವನ್ನು ನನಗೆ ಕೊಟ್ಟು, ಮದುವೆಯ ಫೋಟೋ ಬಗ್ಗೆ ಒಂದು ಮಾತೂ ಆಡದೆ, "ನಿಮ್ಮತ್ತೆ ಮುದ್ದೆ ಕಟ್ಟೋದನ್ನ ತೆಗಿ, ಐದು ದಿನ" ಎಂದರು. ನಮ್ಮ ಅಡುಗೆಮನೆಗೆ ಒಂದೇ ಸಣ್ಣ ಕಿಟಕಿ. ಬೆಳಕು ಕಡಿಮೆ, ಮೇಲೆ ಆವಿ, ಮತ್ತು ಮುದ್ದೆ ಕಟ್ಟುವ ಕೈ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಮೊದಲ ದಿನ ಒಂದು ಫೋಟೋವೂ ನೆಟ್ಟಗೆ ಬರಲಿಲ್ಲ. ಅತ್ತೆಯ ಕೈ ಇರಬೇಕಾದ ಕಡೆ ಕಂದು ಬಣ್ಣದ ಗೀಚು.

"ಮುದ್ದೆ ಫೋಟೋ ಹಿಡ್ದು ಯಾರಿಗೆ ತೋರಿಸ್ತೀಯ? ಊರಾಗೆ ಯಾರೂ ಮುದ್ದೆ ಕಂಡಿಲ್ವ?" ಎಂದು ಅತ್ತೆ ಕೇಳಿದರು. ಆದರೆ ಮೂರನೆಯ ದಿನ ಅವರೇ ಕಿಟಕಿಯ ಕಡೆಗೆ ತಿರುಗಿ ಕೂತು, "ಇಂಗೆ ಕೂತ್ರೆ ಬೆಳಕು ಬೀಳ್ತದಾ ನೋಡು" ಎಂದರು. ಐದನೆಯ ದಿನ ತೆಗೆದ ಒಂದರಲ್ಲಿ ಮುದ್ದೆಯೂ ಕೈಯೂ ಸ್ಪಷ್ಟವಾಗಿದ್ದವು, ಆವಿಯೂ ಕಾಣುತ್ತಿತ್ತು. ಅಕ್ಕ ಅದನ್ನು ಬಹಳ ಹೊತ್ತು ನೋಡಿ, "ಸಾಕು, ಇನ್ನು ಮಂಟಪಕ್ಕೆ ಹೋಗನ" ಎಂದರು.

ಶಿರಾದ ಆ ಕಲ್ಯಾಣ ಮಂಟಪ ಖಾಲಿಯಿದ್ದ ದಿನ ಹೋದೆವು. ಅಕ್ಕ ಕ್ಯಾಮೆರಾ ಹೊರಗೆ ತೆಗೆಯದೆ ಮೂಲೆಮೂಲೆಯಲ್ಲೂ ನಿಂತು ನೋಡಿದರು. ಮುಹೂರ್ತದ ಹೊತ್ತಿಗೆ ಯಾವ ಕಿಟಕಿಯಿಂದ ಬಿಸಿಲು ಬರುತ್ತದೆ, ಯಾವ ಬಾಗಿಲಿಂದ ಜನ ನುಗ್ಗುತ್ತಾರೆ ಎಂದೆಲ್ಲ ಕಾವಲಿನ ಸಾಬರನ್ನು ವಿಚಾರಿಸಿದರು. ಅವರು ಉತ್ಸಾಹದಿಂದ ಸುತ್ತಾಡಿಸಿ, ವೇದಿಕೆಯ ಮೇಲಿನ ಒಂದು ದೀಪ ತೋರಿಸಿ, "ಅದೊಂದು ಖರಾಬ್ ಆಗೈತೆ, ನಾಳೆ ಹಾಕಿಸ್ತೀನಿ ಮೇಡಂ" ಎಂದರು. ಕೊನೆಗೆ ಅಕ್ಕ ನನ್ನನ್ನು ವೇದಿಕೆಯ ಎಡಗಡೆಯ ಕಂಬದ ಪಕ್ಕ ನಿಲ್ಲಿಸಿದರು.

"ಧಾರೆ ಹೊತ್ನಾಗೆ ಇದು ನಿನ್ನ ಜಾಗ. ಯಾರು ಕರೆದ್ರೂ ಬುಡಬ್ಯಾಡ. ನಾನು ಗಂಡುಹೆಣ್ಣಿನ ಮುಖ ನೋಡ್ತಿರ್ತೀನಿ. ನೀನು ಅವ್ರನ್ನ ನೋಡ್ತಿರೋರ ಮುಖ ನೋಡು."

ಎರಡನೆಯ ಕ್ಯಾಮೆರಾದ ಕೆಲಸವೆಂದರೆ ಏನು ಎಂಬುದು ಆ ಒಂದು ಮಾತಿನಲ್ಲಿ ನನಗೆ ಅರ್ಥವಾಯಿತು.

ಮದುಮಗಳ ಮನೆ ಗೌಡಗೆರೆಯ ಕಡೆ. ಮದುವೆಗೆ ನಾಲ್ಕು ದಿನವಿರುವಾಗ ಅಲ್ಲಿಗೂ ಹೋದೆವು. ಮನೆಯವರ ಮುಖಗಳು ಮೊದಲೇ ಪರಿಚಯವಾಗಿರಬೇಕು ಎನ್ನುವುದು ಅಕ್ಕನ ನಿಯಮ. ಹಜಾರದಲ್ಲಿ ಹೆಂಗಸರು ಕಡಲೆಕಾಯಿ ಸುಲಿಯುತ್ತಿದ್ದರು. ಅಕ್ಕ ಚೀಲವನ್ನು ಗೋಡೆಗೆ ಒರಗಿಸಿ, ತಾವೂ ಒಂದು ಮೊರ ಎಳೆದುಕೊಂಡು ಸುಲಿಯಲು ಕೂತರು. ನಾನೂ ಕೂತೆ. ಒಂದು ಗಂಟೆ ಹೊಲ, ಮಳೆ, ಸೀರೆ, ಬೀಗರ ಮಾತು ನಡೆಯಿತು. ಗಂಡಿನವರು ಪಾವಗಡದ ಕಡೆಯವರು, ಕ್ಯಾತಗಾನಚೆರ್ಲು ಎಂಬ ಊರು. ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ಮಗಳು ಆಗಲೇ ನಾಲ್ಕು ಮಾತು ಕಲಿತಿದ್ದಾಳೆ ಎಂದು ಮದುಮಗಳ ತಾಯಿಯ ಓರಗಿತ್ತಿ ನಗಿಸಿದರು.

ಮದುಮಗಳ ತಾಯಿ ಮಾತ್ರ ಬಾಗಿಲ ಹಿಂದಿನಿಂದಲೇ ಕಾಫಿ ಕಳಿಸಿದರು. ಕಡೆಗೆ ಬಂದು ಕೂತಾಗ ನೋಡಿದೆ. ಆ ಬಿಸಿಲಿನಲ್ಲೂ ಮಣಿಕಟ್ಟಿನವರೆಗಿನ ತೋಳಿನ ರವಿಕೆ, ಕೈ ಮೇಲೆ ಸೆರಗು. ತುಟಿಯ ಅಂಚಿನಲ್ಲಿ, ಕಣ್ಣ ಸುತ್ತ, ಬೆರಳುಗಳ ಮೇಲೆ ತೊನ್ನಿನ ಬಿಳಿ ಮಚ್ಚೆಗಳಿದ್ದವು. ಅಕ್ಕ ಕ್ಯಾಮೆರಾ ಹೊರತೆಗೆದ ಕೂಡಲೇ ಅವರು ಎದ್ದರು.

"ನಂದು ಬುಡಿ. ಮಕ್ಳದ್ದು ತೆಗೀರಿ."

ಅಕ್ಕ ಒತ್ತಾಯಿಸಲಿಲ್ಲ. "ಧಾರೆ ಯಾರು ಹುಯ್ಯೋದು?" ಎಂದು ಮಾತ್ರ ಕೇಳಿದರು.

"ನಮ್ಮ ಓರಗಿತ್ತಿ ಹುಯ್ತಾಳೆ. ಈ ಕೈ ಅಷ್ಟು ಜನದ ಮುಂದೆ ಯಾಕೆ? ಮಗಳ ಆಲ್ಬಂ ತುಂಬ ಇದೇ ಕಾಣ್ತದೆ. ಬ್ಯಾಡ ಕಣವ್ವ."

ಓರಗಿತ್ತಿ ತಲೆ ತಗ್ಗಿಸಿ ಕಡಲೆಕಾಯಿ ಸುಲಿಯುತ್ತಲೇ ಇದ್ದರು. ಅವರಿಗೂ ಆ ಏರ್ಪಾಡು ಹಿಡಿಸಿರಲಿಲ್ಲವೆಂದು ಕಾಣುತ್ತಿತ್ತು. ನಾನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಮದುಮಗಳು ಹಿಂದೆಯೇ ಬಂದಳು. ನರ್ಸಿಂಗ್ ಓದಿದ ಹುಡುಗಿ.

"ನನ್ನ ಹತ್ರ ಅವ್ವನ ಫೋಟೋ ಒಂದೂ ಇಲ್ಲ ಅಕ್ಕ," ಎಂದಳು. "ಎಲ್ಲಾದ್ರಾಗೂ ಯಾರದ್ದೋ ಬೆನ್ನ ಹಿಂದೆ ನಿಂತಿರ್ತಾಳೆ. ಆ ಊರಿಗೆ ಹೋದ್ಮೇಲೆ ನೆನಪಾದ್ರೆ ನಾನೇನು ನೋಡ್ಲಿ?"

ಕೈ ಒರೆಸಿಕೊಂಡು ಒಳಗೆ ಬಂದೆ. ಅವಳೂ ಬಂದಳು. ಅಷ್ಟರಲ್ಲಿ ಅಕ್ಕ, "ಧಾರೆ ಚೊಂಬು ಒಂದ್ಸಲ ನೋಡ್ಬೇಕಲ್ಲ. ಬೆಳ್ಳೀದು, ಲೈಟು ಬಿದ್ರೆ ಹೊಳೆದು ಫೋಟೋ ಕೆಡ್ತದೆ" ಎಂದರು. ಮಗಳು ಓಡಿಹೋಗಿ ಚೊಂಬು ತಂದು, ಯಾರಿಗೂ ಕೊಡದೆ ನೇರ ತಾಯಿಯ ಕೈಯಲ್ಲಿಟ್ಟಳು. ತಾಯಿ ತಬ್ಬಿಬ್ಬಾಗಿ ಅದನ್ನು ಹಿಡಿದು ನಿಂತರು.

"ಅಳಿಸು ಅಂದ್ರೆ ಅಳಿಸ್ತೀನಿ. ತೆಗೀಲಾ?" ಎಂದು ಅಕ್ಕ ಕೇಳಿದರು.

ಅವರು ಮಗಳ ಮುಖ ನೋಡಿ, ಆಗಲಿ ಎಂದು ತಲೆಯಾಡಿಸಿದರು. ಬಾಗಿಲಿನ ಬೆಳಕಿನಲ್ಲಿ ಅಕ್ಕ ಮೂರೇ ಮೂರು ಫೋಟೋ ತೆಗೆದರು. ಆಮೇಲೆ ಚಂದ ಬಂದಿದೆ ಎಂದಾಗಲಿ, ಇದರಲ್ಲೇನಿದೆ ಎಂದಾಗಲಿ ಹೇಳಲಿಲ್ಲ. ಕ್ಯಾಮೆರಾವನ್ನೇ ಅವರ ಕೈಗೆ ಕೊಟ್ಟು, ಒಂದು ಗುಂಡಿ ತೋರಿಸಿದರು.

"ಇದನ್ನ ಒತ್ತಿದ್ರೆ ಅಳಿಸೋಗ್ತದೆ. ನೀವೇ ಒತ್ತಿ."

ಅವರು ಮೊದಲನೆಯದನ್ನು ಅಳಿಸಿದರು. ಎರಡನೆಯದನ್ನೂ ಅಳಿಸಿದರು. ಮೂರನೆಯದರಲ್ಲಿ ಚೊಂಬು, ಅದನ್ನು ಹಿಡಿದ ಎರಡು ಕೈ, ಬಗ್ಗಿದ ಅರ್ಧ ಮುಖ. ಅದನ್ನು ನೋಡುತ್ತಾ ನಿಂತರು.

"ಚೊಂಬು ಹಿಡ್ದಿರೋದು ಥೇಟ್ ನಮ್ಮವ್ವನಂಗೇ ಐತೆ," ಎಂದರು ಮೆಲ್ಲಗೆ. "ನನ್ನ ಮದುವೇನಾಗೆ ಅವಳೂ ಇಂಗೇ ಹಿಡಿದಿದ್ಲು."

ಗುಂಡಿ ಒತ್ತದೆ ಕ್ಯಾಮೆರಾ ವಾಪಸು ಕೊಟ್ಟರು. ಧಾರೆಯ ಬಗ್ಗೆ ಏನೂ ಹೇಳಲಿಲ್ಲ. ಒಳಗೆ ಹೋಗಿ ನಮಗೆ ಎಲೆ ಹಾಕಿದರು.

ವಾಪಸು ಬರುವಾಗ ನಾನು ಸ್ಕೂಟರಿನ ಹಿಂದೆ ಕೂತು, "ಚೊಂಬು ನೋಡ್ಬೇಕು ಅಂದಿದ್ದು ನೆಪ ತಾನೇ ಅಕ್ಕ?" ಎಂದು ಕೇಳಿದೆ.

"ಚೊಂಬೂ ನೋಡ್ಬೇಕಿತ್ತು ಕಣೆ. ಅದು ಸುಳ್ಳಲ್ಲ." ಸ್ವಲ್ಪ ದೂರ ಹೋದ ಮೇಲೆ ಹೇಳಿದರು: "ಅವ್ರು ಹುಯ್ದ್ರೂ ಸರಿ, ಹುಯ್ಯದಿದ್ರೂ ಸರಿ. ನೀನು ಫೋನ್ ಮಾಡಿ ಬುದ್ಧಿ ಹೇಳಕ್ಕೆ ಹೋಗಬ್ಯಾಡ."

ನಿಜ ಹೇಳಬೇಕೆಂದರೆ ನಾನು ಅದನ್ನೇ ಯೋಚಿಸುತ್ತಿದ್ದೆ. ಫೋನ್ ಮಾಡಲಿಲ್ಲ.

ಎರಡು ದಿನ ಬಿಟ್ಟು ಆ ತಾಯಿಯೇ ಅಕ್ಕನಿಗೆ ಫೋನ್ ಮಾಡಿದರು. ಧಾರೆ ನಾನೇ ಹುಯ್ಯುತ್ತೇನೆ, ಆದರೆ ಆಲ್ಬಂ ಅಚ್ಚಾಗುವ ಮುಂಚೆ ಒಂದು ಸಲ ನಾನು ನೋಡಬೇಕು ಎಂದರಂತೆ. ಅಕ್ಕ ಒಪ್ಪಿದರು. ನನಗೆ ವಿಷಯ ತಿಳಿಸಿ, "ಕಂಬದ ಕಡೆಯಿಂದಲೇ ಅವ್ರ ಮುಖ ಕಾಣೋದು. ಆ ಫೋಟೋ ನಿಂದು" ಎಂದರು.

ಕೊನೆಯ ದಿನ ಸ್ಟುಡಿಯೋದಲ್ಲಿ ಸಿದ್ಧತೆ. ಅಕ್ಕ ನನಗೊಂದು ಬೂದು ಬಣ್ಣದ ಕುರ್ತಾ ಹೊಲಿಸಿಟ್ಟಿದ್ದರು. ಬಲಗಡೆ ಜೇಬಿಗೆ ಖಾಲಿ ಕಾರ್ಡು, ಎಡಗಡೆಗೆ ತುಂಬಿದ್ದು, ಗಡಿಬಿಡಿಯಲ್ಲೂ ಅದಲುಬದಲಾಗಬಾರದು. ಗಾಜಿನ ಬಳೆ ಬೇಡ, ಸದ್ದಾಗುತ್ತದೆ. ಚಪ್ಪಲಿ ಮೆತ್ತಗಿರಲಿ. ನಾನು ಬ್ಯಾಟರಿಗಳನ್ನು ಒಂದೊಂದೇ ಹಾಕಿ ನೋಡುತ್ತಾ, ಅಂಜುತ್ತಲೇ ಒಂದು ಮಾತು ಹೇಳಿದೆ. "ಅಕ್ಕ, ಎರಡು ಕ್ಯಾಮೆರಾದ ಗಡಿಯಾರನೂ ಒಂದೇ ಹೊತ್ತಿಗೆ ಇಡನ. ನಿಮ್ಮಿಬ್ರ ಕಾರ್ಡ್ ಬಂದಾಗೆಲ್ಲ ಎಲ್ಲಾ ಹಿಂದುಮುಂದು, ತಾಳಿ ಕಟ್ಟಿದ ಮೇಲೆ ಧಾರೆ, ಧಾರೆ ಆದ್ಮೇಲೆ ಅರಿಶಿನ ಇರ್ತದೆ. ಅದನ್ನ ಸರಿ ಮಾಡಕ್ಕೇ ನನಗೆ ಒಂದಿನ ಹಿಡೀತದೆ."

ಅಕ್ಕ ಬೆರಗಾಗಿ ನೋಡಿದರು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಅವರು ನಕ್ಕು, ತಮ್ಮ ಕ್ಯಾಮೆರಾವನ್ನು ನನ್ನ ಮುಂದೆ ನೂಕಿದರು. ಎರಡರ ಹೊತ್ತನ್ನೂ ನಾನೇ ಸರಿ ಮಾಡಿದೆ.

ಮದುವೆಯ ದಿನ ಬೆಳಿಗ್ಗೆಯೇ ನಾನು ಒಂದು ತಪ್ಪು ಮಾಡಿದೆ. ಬೆಳಗಾಗುವ ಮುಂಚೆ ಒಳಗಿನ ಮಬ್ಬಿಗೆ ಹೊಂದಿಸಿದ್ದ ಕ್ಯಾಮೆರಾವನ್ನು ಹಾಗೇ ಹಿಡಿದು ಅಂಗಳಕ್ಕೆ ಹೋಗಿ, ಮದುಮಗಳು ಕಾರಿನಿಂದ ಇಳಿಯುವುದನ್ನು ತೆಗೆದೆ. ಎಲ್ಲವೂ ಸುಣ್ಣ ಬಳಿದ ಗೋಡೆಯಂತೆ ಬಂದವು. ಕಣ್ಣಲ್ಲಿ ನೀರು ತುಂಬಿಕೊಂಡು ಅಕ್ಕನಿಗೆ ತೋರಿಸಿದೆ. ಅವರು ಒಂದು ಸಲ ನೋಡಿ, "ನನ್ನ ಕ್ಯಾಮೆರಾದಾಗೆ ಐತೆ. ಮುಂದಿನ್ದು ನೋಡು" ಎಂದು ಹೊರಟೇಬಿಟ್ಟರು. ನಾನು ಎಷ್ಟೋ ಜನರ ಕೈಕೆಳಗೆ ಕೆಲಸ ಮಾಡಿದ್ದೇನೆ. ತಪ್ಪನ್ನು ಅಷ್ಟು ಬೇಗ ಮರೆತುಬಿಟ್ಟವರನ್ನು ಕಂಡಿರಲಿಲ್ಲ.

ಧಾರೆಗೆ ಕರೆದಾಗ ನಾನು ಕಂಬದ ಪಕ್ಕ ನಿಂತಿದ್ದೆ. ಅದೇ ಹೊತ್ತಿಗೆ ಗಂಡಿನ ಸೋದರಮಾವ ಕೆಳಗಿನಿಂದ ಕೈಬೀಸಿ, ತಮ್ಮವರ ಫೋಟೋ ತೆಗೆಯಲು ಇತ್ತ ಬಾ ಎಂದು ತೆಲುಗು ಬೆರೆಸಿ ಕರೆದರು. "ಇಟು ರಾಮ್ಮಾ, ನಮ್ಮ ವಾಳ್ಳದು ಒಂದು ಗ್ರೂಪ್ ತೆಗಿ."

"ಐದು ನಿಮಿಷ ಅಣ್ಣ, ಇದಾದ ಕೂಡಲೇ ಬರ್ತೀನಿ" ಎಂದೆ. ಕಾಲು ಮಾತ್ರ ಕದಲಿಸಲಿಲ್ಲ.

ಮದುಮಗಳ ತಾಯಿ ವೇದಿಕೆ ಹತ್ತಿದರು. ಹಸಿರು ರೇಷ್ಮೆ ಸೀರೆ, ಎಲ್ಲರ ಹಾಗೆ ಮೊಣಕೈಯವರೆಗಿನ ರವಿಕೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಡನ ಪಕ್ಕ ನಿಂತು, ಎರಡೂ ಕೈಯಿಂದ ಚೊಂಬನ್ನು ಎತ್ತಿದರು. ಮುಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಅವರಿಗೂ ಕೇಳಿಸಿರಬೇಕು. ಜೋಡಿಸಿದ ಕೈಗಳ ಮೇಲಿನ ತೆಂಗಿನಕಾಯಿಗೆ ಹಾಲು ಸಣ್ಣಗೆ, ಒಂದೇ ಸಮನೆ ಬಿತ್ತು. ನಾನು ಗುಂಡಿ ಒತ್ತುತ್ತಲೇ ಇದ್ದೆ. ಎದುರಿನಲ್ಲಿ ಅಕ್ಕ ಒಂದು ಮೊಣಕಾಲೂರಿ ಕೂತು ಹೆಣ್ಣುಗಂಡಿನ ಮುಖ ತೆಗೆಯುತ್ತಿದ್ದರು. ಒಮ್ಮೆಯೂ ನನ್ನ ಕಡೆ ತಿರುಗಿ ನೋಡಲಿಲ್ಲ. ನನ್ನ ಪಾಲಿನದನ್ನು ನಾನು ತೆಗೆಯುತ್ತೇನೆಂದು ಅವರು ನಂಬಿದ್ದರು.

ಹದಿನೈದು ದಿನದ ಮೇಲೆ ಆ ತಾಯಿ ಒಬ್ಬರೇ ಬಸ್ಸಿನಲ್ಲಿ ಮಧುಗಿರಿಗೆ ಬಂದರು. ಮಾತಿನಂತೆ ಪುಟಗಳನ್ನು ಅಚ್ಚಿಗೆ ಕಳಿಸದೆ ಇಟ್ಟಿದ್ದೆ. ಅಕ್ಕನೂ ಕೊರಟಗೆರೆಯಿಂದ ಬಂದು ಕೂತಿದ್ದರು. ಒಂದೊಂದೇ ಪುಟ ತೋರಿಸಿದೆ. ಬಾಯಿ ತುಂಬ ಹೋಳಿಗೆ ಇಟ್ಟುಕೊಂಡ ತಮ್ಮ ಮೈದುನನ ಫೋಟೋ ಒಂದನ್ನು ಮಾತ್ರ ತೆಗೆಸಿದರು, "ಪಾಪ, ಬೀಗರ ಕಣ್ಣಿಗೆ ಬೀಳೋದು ಬ್ಯಾಡ" ಎಂದು. ಧಾರೆಯ ಪುಟ ಬಂತು. ಒಂದು ಕಡೆ ಅಕ್ಕ ತೆಗೆದದ್ದು, ಒಂದು ಕಡೆ ನಾನು ತೆಗೆದದ್ದು, ಎರಡೂ ಒಂದೇ ಗಳಿಗೆಯವು. ನಾನು ಅವರ ಕೈ, ಅವರ ಮುಖ ಇದ್ದ ಕಡೆ ನೋಡುತ್ತಾ, ಏನೆನ್ನುತ್ತಾರೋ ಎಂದು ಕಾದೆ. ಅವರು ಅದನ್ನು ನೋಡಲೇ ಇಲ್ಲ. ಪಕ್ಕದ ಫೋಟೋದಲ್ಲಿ ಮಗಳು ತಲೆ ಬಗ್ಗಿಸದೆ, ಗಂಡನನ್ನೂ ನೋಡದೆ, ಹಾಲು ಹುಯ್ಯುತ್ತಿದ್ದ ತಾಯಿಯನ್ನೇ ಕಣ್ಣುತುಂಬಿ ನೋಡುತ್ತಿದ್ದಳು.

"ಇವಳು ನನ್ನ ನೋಡ್ತಿದ್ಲಾ?" ಎಂದು ಕೇಳಿದರು. "ನನಗೆ ಗೊತ್ತೇ ಆಗ್ಲಿಲ್ಲ ಕಣವ್ವ. ಹಾಲು ಆಚೀಚೆ ಬೀಳದಂಗೆ ಹುಯ್ಯೋದ್ರಾಗೇ ಇದ್ದೆ."

ಅಕ್ಕ ಅವರ ಕಡೆಗೆ ಕುರ್ಚಿ ಸರಿಸಿಕೊಂಡು ಕೂತರು. ನಾನು ಪುಟವನ್ನು ಮುಂದಕ್ಕೆ ತಿರುಗಿಸದೆ, ಅವರು ಸಾಕೆನ್ನುವವರೆಗೂ ಹಾಗೇ ಬಿಟ್ಟೆ.