ಮೀರಾಸಾಬನ ಗಾಡಿ ನಿಂತ ದಿನ

ಗುಳೇದಗುಡ್ಡದಲ್ಲಿ ಪಂಚಾಂಗವನ್ನು ಮಠದ ಸಂಗಯ್ಯನವರಷ್ಟೇ ಕಾಳಜಿಯಿಂದ ನೋಡುವ ಇನ್ನೊಬ್ಬನಿದ್ದರೆ ಅವನು ಮೀರಾಸಾಬ. ಐದು ಹೊತ್ತಿನ ನಮಾಜು ತಪ್ಪಿಸದ ಈ ಮನುಷ್ಯನಿಗೆ ಆಷಾಢ ಎಂದು ಶುರು, ಶ್ರಾವಣದ ಮೊದಲ ಮುಹೂರ್ತ ಎಂದು, ಎಲ್ಲವೂ ಬಾಯಿಪಾಠ. ಕಾರಣ ಇಷ್ಟೇ. ಅವನ ಹತ್ತಿರ ಒಂದು ಹಳೇ ಬಿಳಿ ಅಂಬಾಸಿಡರ್ ಇದೆ, ಅದು ಮದುಮಕ್ಕಳನ್ನು ಕರೆದೊಯ್ಯುವುದು ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಹೊರಡುವುದಿಲ್ಲ. ಮದುವೆ ಇದ್ದರೆ ಗಾಡಿ ಬೀದಿಯಲ್ಲಿ, ಇಲ್ಲದಿದ್ದರೆ ತಗಡಿನ ಶೆಡ್ಡಿನೊಳಗೆ. ಉಳಿದ ದಿನ ಅವನೂ ಓಣಿಯವರ ಹಾಗೆ ಮಗ್ಗದ ಮುಂದೆ ಕೂತು ಕುಪ್ಪಸದ ಖಣ ನೇಯುತ್ತಾನೆ.

"ನನ್ನ ಗಾಡಿ ಹಾದ್ಯಾಗ ಒಮ್ಮೀನೂ ನಿಂತಿಲ್ಲ" ಎನ್ನುವುದು ಅವನ ಹೆಮ್ಮೆ. ಚಹಾದಂಗಡಿಯಲ್ಲಿ, ಮಸೀದಿಯ ಮೆಟ್ಟಿಲ ಮೇಲೆ, ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತಾಗಲೂ ಇದೇ ಮಾತು. ಕೇಳಿ ಕೇಳಿ ಊರಿಗೆ ಸಾಕಾಗಿತ್ತು, ಆದರೆ ಸುಳ್ಳೆನ್ನಲು ಯಾರಿಗೂ ಬಾಯಿರಲಿಲ್ಲ. ಗಂಡನ ಮನೆ ತುಂಬಲು ಹೊರಟ ಹೆಣ್ಣಿನ ಗಾಡಿ ನಡುಹಾದಿಯಲ್ಲಿ ಕೆಟ್ಟು ನಿಂತಿತೆನ್ನಿ, ಆ ತಪ್ಪು ಗಾಡಿಯ ತಲೆಗೆ ಬರುವುದಿಲ್ಲ. ಹುಡುಗಿಯ ಕಾಲ್ಗುಣ ಸರಿಯಿಲ್ಲ ಎಂದುಬಿಡುತ್ತಾರೆ, ಆ ಮಾತು ಅವಳ ಜೀವ ಇರುವತನಕ ಬೆನ್ನು ಬಿಡುವುದಿಲ್ಲ. ಮೀರಾಸಾಬನಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಅವನು ಪ್ರತಿ ವರ್ಷ ಆಷಾಢದ ಹೊಸ್ತಿಲಲ್ಲಿ ಟಾಕಿ ಬರಿದು ಮಾಡಿ, ಇದ್ದ ಪೆಟ್ರೋಲನ್ನು ಓಣಿಯ ಬೈಕುಗಳಿಗೆ ಹಂಚಿಬಿಡುತ್ತಿದ್ದ. ಮೊದಲಿನ ಪೆಟ್ರೋಲಾದರೆ ಅರ್ಧ ವರ್ಷ ಸುಮ್ಮನೆ ನಿಂತರೂ ತಡೆಯುತ್ತಿತ್ತು. ಈಗಿನದಕ್ಕೆ ಎಥೆನಾಲ್ ಬೆರೆಸುತ್ತಾರೆ, ಅದು ಗಾಳಿಯೊಳಗಿನ ತೇವ ಹೀರುತ್ತದೆ. ನಿಂತ ಗಾಡಿಯಲ್ಲಿ ಎರಡು ಮೂರು ತಿಂಗಳಾದರೆ ನಂಬುವ ಹಾಗಿಲ್ಲ.

ಈ ಸಲ ಮಾತ್ರ ಎಲ್ಲ ತಲೆಕೆಳಗಾಯಿತು. ಬಸವ ಜಯಂತಿ ಮುಗಿಯುತ್ತಲೇ ಅವನಿಗೆ ಕಣ್ಣಿನ ಆಪರೇಷನ್. ಬಗ್ಗಬೇಡ, ಧೂಳಿಗೆ ಹೋಗಬೇಡ ಎಂದರು ಡಾಕ್ಟರು. ಆಮೇಲೆ ಆಷಾಢ, ಅದರ ಬೆನ್ನಿಗೇ ಅಧಿಕ ಮಾಸ, ನಡುವೆ ಮೊಹರಂ. ಬಿಸಿಲಿಗೆ ಕಾದು ಮಳೆಗೆ ತಣಿಯುವ ತಗಡಿನ ಕೆಳಗೆ ಅರ್ಧ ಟಾಕಿ ಪೆಟ್ರೋಲು ಹಾಗೇ ಕೂತಿತ್ತು.

ಶ್ರಾವಣದ ಮೊದಲ ಮುಹೂರ್ತ ಬಂತು, ಅದೂ ಓಣಿಯ ಈರಪ್ಪನ ಮಗಳು ಶೀಲಾಳದು. ಅವಳ ಅವ್ವ ಗಂಡನ ಮನೆಗೆ ಬಂದದ್ದೂ ಇದೇ ಗಾಡಿಯಲ್ಲಿ. ಶೀಲಾ ಮೀರಾಸಾಬನಿಗೆ ಚಾಚಾ ಎನ್ನುತ್ತ ಅವನ ಅಂಗಳದಲ್ಲೇ ಆಡಿ ಬೆಳೆದವಳು. ಗಂಡು ಇಳಕಲ್ಲಿನ ನಾಗಲಿಂಗ, ಗ್ರಾನೈಟ್ ಪಾಲಿಶ್ ಮಾಡುವ ಮನೆತನದವನು.

ಮದುವೆಯ ಮುಂಜಾನೆ ಮೀರಾಸಾಬ ಟಾಕಿಯ ಮುಚ್ಚಳ ತೆಗೆದು ಮೂಸಿದ. ಮೂಗಿಗೆ ಚುರುಕ್ಕೆನ್ನುವ ವಾಸನೆ ಇರಲಿಲ್ಲ, ಹಳೇ ಬಣ್ಣದ ಡಬ್ಬಿ ತೆರೆದ ಹಾಗೆ ಹುಳಿ ಹುಳಿ. ಇಳಿಸಿಬಿಡಬೇಕೆಂದು ಪೈಪು ಹುಡುಕುವಷ್ಟರಲ್ಲಿ ಹೂವಿನವರು ಬಂದು ಗಾಡಿ ಹೊರಗೆ ತಾ ಎಂದು ಅವಸರ ಮಾಡಿದರು. ಕೀಲಿ ತಿರುವಿದ. ಗಾಡಿ ಮೂರು ಸಲ ಕೆಮ್ಮಿ ಹೊತ್ತಿಕೊಂಡಿತು. ಮೇಲೊಂದಿಷ್ಟು ಹೊಸದು ಹಾಕಿದರೆ ನಡೆದೀತು ಎಂದುಕೊಂಡು ಮುಚ್ಚಳ ಹಾಕಿದ. ಇಷ್ಟು ವರ್ಷ ಜತನ ಮಾಡಿದ ಮನುಷ್ಯ ಅವತ್ತೇ 'ನಡೆದೀತು' ಅನ್ನಬೇಕೇ? ಕೇಳಿದರೆ ಸಿಟ್ಟು ಬರುತ್ತದೆ.

ಊಟ ಉಪಚಾರ ಮುಗಿದು ಹೊರಡುವಾಗ ಹೊತ್ತು ಇಳಿದಿತ್ತು. ದೀಪ ಹಚ್ಚುವುದರೊಳಗೆ ಸೊಸೆ ಹೊಸ್ತಿಲು ದಾಟಬೇಕು ಎಂದು ಗುರುಲಿಂಗವ್ವ ಕಟ್ಟಪ್ಪಣೆ ಮಾಡಿದ್ದಳು. ಅವಳು ನಾಗಲಿಂಗನ ದೊಡ್ಡವ್ವ, ಆ ಮನೆಯಲ್ಲಿ ಅವಳ ಮಾತೇ ಮಾತು. ಗಾಡಿಯ ಹಿಂದಿನ ಸೀಟಿನಲ್ಲಿ ಮದುಮಕ್ಕಳ ಜೊತೆ ಅವಳೂ ಕೂತಿದ್ದಳು. ಹಿಂದೆ ಎರಡು ಕ್ರೂಸರ್ ಜೀಪುಗಳ ತುಂಬ ಬೀಗರು, ನಾಗಲಿಂಗನ ಗೆಳೆಯರ ನಾಲ್ಕಾರು ಬೈಕು.

ಕಮತಗಿ ದಾಟಿದ ಮೇಲೆ ಗಾಡಿ ಒಮ್ಮೆ ಜಗ್ಗಿತು. ಮೀರಾಸಾಬ ಗೇರು ಬದಲಿಸಿದ. ಕಾಲು ಒತ್ತಿದ, ಮುಂದೆ ಹೋಯಿತು. ಇನ್ನೊಂದಿಷ್ಟು ದೂರಕ್ಕೆ ಮತ್ತೆ ಜಗ್ಗಿತು. ಅವನು ಒಳಗೊಳಗೇ ದೇವರ ಹೆಸರು ಹೇಳುತ್ತ, ಅಮೀನಗಡ ಮುಟ್ಟಿದರೆ ಸಾಕು, ಅಲ್ಲಿ ಏನಾದರೂ ನೆಪ ಹೇಳಿ ಟಾಕಿ ಖಾಲಿ ಮಾಡಿದರಾಯಿತು ಎಂದು ಲೆಕ್ಕ ಹಾಕಿದ. ಊರು ಇನ್ನೂ ದೂರವಿರುವಾಗಲೇ, ಒಂದು ಏರಿನಲ್ಲಿ ಇಂಜಿನ್ ಕಟಕಟ ಬಡಿದುಕೊಂಡು ನಿಂತುಬಿಟ್ಟಿತು. ಕೀಲಿ ಎಷ್ಟು ತಿರುವಿದರೂ ಏಳಲಿಲ್ಲ.

"ಏನಾತ್ರಿ ಸಾಬರ?" ಎಂದ ನಾಗಲಿಂಗ.

"ಬಿಸಿ ಆಗೇತ್ರಿ. ಒಂದೀಟ ತಡೀರಿ" ಎಂದ ಮೀರಾಸಾಬ. ಸುಳ್ಳು ಎಂದು ಅವನಿಗೇ ಗೊತ್ತಿತ್ತು.

ಬಾನೆಟ್ ಎತ್ತಿ ಅದನ್ನು ಇದನ್ನು ಮುಟ್ಟಿ ನೋಡಿದ. ಕ್ರೂಸರಿನವರು ಇಳಿದು ಸುತ್ತ ನೆರೆದರು. ಹೆಂಗಸರ ಗುಂಪಿನಿಂದ ಒಂದು ದನಿ, ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳುವಂತೆ ಬಂತು: "ನಿಶ್ಚಯದ ದಿನಾ ಪಾಲಿಶ್ ಮಷೀನ ಸುಟ್ಟಿತ್ತು. ಇವತ್ತ ಗಾಡಿ ನಿಂತಿತು."

ಗಾಡಿಯೊಳಗೆ ಶೀಲಾ ತಲೆ ಬಗ್ಗಿಸಿ, ಎರಡೂ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು.

"ದೊಡ್ಡವ್ವಾ, ಕ್ರೂಸರಿನ್ಯಾಗ ಹೋಗೂಣಲ್ಲ?" ಎಂದ ನಾಗಲಿಂಗ.

"ಹುಚ್ಚಪ್ಪಾ, ಮನಿ ತುಂಬಾಕ ಹೊಂಟ ಹೆಣ್ಣು ನಡುಹಾದ್ಯಾಗ ಗಾಡಿ ಬದಲ ಮಾಡ್ತಾಳೇನು? ಸುಮ್ಮ ಕುಂದರ" ಎಂದು ಗುರುಲಿಂಗವ್ವ ಕೆಳಗಿಳಿದು ಮೀರಾಸಾಬನ ಹತ್ತಿರ ಬಂದಳು. ಅವನು ಬೈಗುಳಕ್ಕೆ ತಯಾರಾಗಿದ್ದ. ಅವಳ ದನಿ ಮಾತ್ರ ಮೆತ್ತಗಿತ್ತು.

"ನೀ ಯಾಕ ಬೆವರಾಕತ್ತಿ ಮೀರಾಸಾಬ? ನಿಂದೇನ ತಪ್ಪೈತಿ? ಒಮ್ಮೀನೂ ಹಾದ್ಯಾಗ ನಿಂತಿಲ್ಲ ಅಂತ ಹೆಸರ ಐತಿ ನಿನ್ನ ಗಾಡೀದು. ಅಂಥಾ ಗಾಡಿ ಇವತ್ತ ನಿಂತೈತಂದ್ರ, ಗಾಡಿಗೆ ಅನ್ನಾಕ ಬರಂಗಿಲ್ಲ ಬಿಡು."

ಮೀರಾಸಾಬ ಜೀವಮಾನವಿಡೀ ಊರೂರಿಗೆ ಸಾರಿದ ಹೆಮ್ಮೆಯ ಮಾತೇ ಈಗ ಆ ಹುಡುಗಿಯ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಸುಮ್ಮನಿದ್ದರೆ ಅವನ ಹೆಸರಿಗೆ ಒಂದು ಗೀರೂ ಬೀಳುವುದಿಲ್ಲ, ಅಯ್ಯೋ ಪಾಪ ಎಂದು ಅವನಿಗೇ ಮರುಗುತ್ತಾರೆ. ಆಡಿದರೆ ಇದ್ದೊಂದು ಹೆಸರೂ ಇಲ್ಲೇ ಮಣ್ಣುಪಾಲು. ಒಂದು ಗಳಿಗೆ ಅವನು ಮತ್ತೆ ಬಾನೆಟ್ಟಿನೊಳಗೆ ತಲೆ ಹಾಕಿದ, ಮನುಷ್ಯನಲ್ಲವೇ. ಆಮೇಲೆ ಗಾಡಿಯೊಳಗೆ ಮುದುಡಿ ಕೂತವಳ ಕಡೆ ಕಣ್ಣು ಹೋಯಿತು.

"ಅವ್ವಾರ, ಗಾಡಿ ಬಿಸಿ ಆಗಿಲ್ರಿ, ನಾ ಸುಳ್ಳ ಹೇಳಿದೆ. ಪೆಟ್ರೋಲ್ ಕೆಟ್ಟೈತಿ. ಬ್ಯಾಸಗ್ಯಾಗಿಂದ ಟಾಕ್ಯಾಗ ಹಂಗ ನಿಂತಿತ್ತು. ತಪ್ಪು ನಂದು."

ಗುರುಲಿಂಗವ್ವ ಒಣನಗೆ ನಕ್ಕಳು. "ಪೆಟ್ರೋಲೇನ ಹಾಲೇನೋ, ಕೆಡಾಕ? ಓಣಿ ಹುಡುಗಿ ಅಂತ ಅಂತಃಕರಣಕ್ಕ ಹಂಗ ಅಂತಿ. ತಿಳೀತೈತಿ ನನಗ."

ಈ ಮಾತು ಅವನಿಗೆ ಬೈಗುಳಕ್ಕಿಂತ ಜೋರಾಗಿ ನಾಟಿತು. ಡಿಕ್ಕಿಯಿಂದ ಪಾನೆ ತೆಗೆದು, ಹೊಸ ಶರ್ಟಿನಲ್ಲೇ ಗಾಡಿಯ ಕೆಳಗೆ ತೂರಿದ. ಟಾಕಿಯ ತಳದ ಬೋಲ್ಟು ಸಡಿಲಿಸಿ ಖಾಲಿ ನೀರಿನ ಬಾಟಲಿಗೆ ಪೆಟ್ರೋಲು ಹಿಡಿದ. ಹೊರಬಂದು ಅದನ್ನು ಇಳಿಬಿಸಿಲಿಗೆ ಎತ್ತಿ ತೋರಿಸಿದ. ಮೇಲೆ ಕಂದುಬಣ್ಣದ ಪೆಟ್ರೋಲು, ಅಡಿಯಲ್ಲಿ ಬೇರೆಯಾಗಿ ಕೂತ ನೀರು. ನಾಗಲಿಂಗನ ಗೆಳೆಯನ ಬೈಕಿನಿಂದ ಇನ್ನೊಂದು ಬಾಟಲಿಗೆ ಹೊಸ ಪೆಟ್ರೋಲು ಇಳಿಸಿ ಪಕ್ಕದಲ್ಲಿ ಹಿಡಿದ.

"ಮೂಸಿ ನೋಡ್ರಿ ಅವ್ವಾರ. ಎರಡೂ ಮೂಸ್ರಿ."

ಗುರುಲಿಂಗವ್ವ ಮೂಸಿದಳು. ಮುಖ ಕಿವುಚಿದಳು. "ಇದು ಕಮಟ ಹತ್ತಿದ ಎಣ್ಣಿಗತೆ ನಾರತೈತಲ್ಲೋ!"

"ಹೌದ್ರಿ. ಮುಂಜಾನೆ ನಾನೂ ಮೂಸಿದ್ದೆ."

"ಅಂದ್ರ ಗೊತ್ತಿತ್ತೇನ ನಿನಗ?"

"ಗೊತ್ತಿತ್ರಿ. ಇವತ್ತ ಯಾರ ಕುಂತಿದ್ರೂ ಇದು ನಿಲ್ಲತಿತ್ತು."

"ಚಾಚಾ, ಸಾಕ್ರಿ" ಎಂದು ಒಳಗಿಂದ ಶೀಲಾಳ ದನಿ ಕೇಳಿತು. ಅವನು ಅತ್ತ ತಿರುಗಲಿಲ್ಲ.

"ಗೊತ್ತಿದ್ದೂ ನಮ್ಮ ಸೊಸೀನ ಇದರಾಗ ಕುಂದ್ರಿಸಿಕೊಂಡ ಬಂದೇನೋ ಭಾಡ್ಯಾ?" ಗುರುಲಿಂಗವ್ವ ಭುಗಿಲೆದ್ದಳು. "ಲಾರಿ ಅಡ್ಡಾಡೂ ಹಾದ್ಯಾಗ ಕೂಸಿಗೆ ಏನರ ಆಗಿದ್ರ? ವಯಸ್ಸಾಗೇತಿ, ಬುದ್ಧಿ ಬ್ಯಾಡಾ? ಇನ್ನ ನಮ್ಮ ಮಂದಿ ಮದಿವೀಗೆ ನಿನ್ನ ಗಾಡಿ ಮಾರಿ ತೋರಿಸಬ್ಯಾಡ!"

ಅವಳ ದನಿಗೆ ಮಿಕ್ಕವರೂ ದನಿ ಸೇರಿಸಿದರು. ಮಷೀನಿನ ಸುದ್ದಿ ಎತ್ತಿದ್ದ ಹೆಂಗಸಂತೂ ಎಲ್ಲರಿಗಿಂತ ಜೋರು. ಮೀರಾಸಾಬ ಬೈಸಿಕೊಳ್ಳುತ್ತಲೇ ಟಾಕಿ ಬರಿದು ಮಾಡಿದ, ಪೈಪು ಊದಿದ, ಕಾರ್ಬುರೇಟರ್ ಬಿಚ್ಚಿ ಒರೆಸಿದ. ನಮ್ಮ ಸೊಸಿ ಎಂದಳಲ್ಲ, ಅಷ್ಟು ಸಾಕಾಗಿತ್ತು ಅವನಿಗೆ.

ಬೈಕಿನವರ ಪೆಟ್ರೋಲು ಹೊಯ್ದ ಮೇಲೆ ಗಾಡಿ ಎದ್ದಿತು. ಹುನಗುಂದ ದಾಟುವಾಗ ಹೊತ್ತು ಮುಳುಗುವುದರಲ್ಲಿತ್ತು. ಇಳಕಲ್ಲಿನ ಮನೆಯಲ್ಲಿ ದೀಪದ ಬತ್ತಿ ಹೊಸೆದಿಟ್ಟು ಕಾಯುತ್ತಿದ್ದರು. ಶೀಲಾ ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಸರಿಸಿ ಒಳಗೆ ಹೋದಳು, ಗುರುಲಿಂಗವ್ವ ಅವಳ ರಟ್ಟೆ ಹಿಡಿದೇ ಕರೆದೊಯ್ದಳು. ಮೀರಾಸಾಬನಿಗೆ ಒಂದು ತಂಬಿಗೆ ನೀರು ಕೊಡಿ ಎಂದು ಯಾರೂ ಹೇಳಲಿಲ್ಲ.

ವಾಪಸು ಬರುವಾಗ ಹುನಗುಂದದಲ್ಲಿ ಚಹಾಕ್ಕೆ ನಿಂತಿದ್ದ. ಹೆಂಡತಿ ಆರಿಫಾಳ ಫೋನು ಬಂತು. "ಇದೇನ ಮಾಡ್ಕೊಂಡ ಬಂದ್ರಿ? ಮುಂದಿನ ವಾರದ ಮದಿವಿಯವರು ಬ್ಯಾರೆ ಗಾಡಿ ಹೇಳ್ಯಾರಂತ. ಊರ ತುಂಬ ನಿಮ್ಮದ ಸುದ್ದಿ."

"ಏನಂತ?"

"ಮೀರಾಸಾಬ ಕೆಟ್ಟ ಪೆಟ್ರೋಲ್ ಹಾಕ್ಕೊಂಡ ಹೋಗಿದ್ದ, ಗಾಡಿ ನಡುಹಾದ್ಯಾಗ ನಿಂದರಿಸಿದ ಅಂತ. ಮತ್ತೇನಂತಾರ?"

"ಶೀಲಾಗ ಯಾರರ ಏನರ ಅಂದ್ರೇನು?"

"ಶೀಲಾಗ?" ಆರಿಫಾಳಿಗೆ ತಲೆಬುಡ ತಿಳಿಯಲಿಲ್ಲ. "ಆಕಿಗ್ಯಾಕ ಅಂತಾರ್ರಿ? ಆಕಿ ಏನ ಮಾಡ್ಯಾಳ?"

ಮೀರಾಸಾಬ ಫೋನು ಕಿಸೆಗೆ ಹಾಕಿ, ಇನ್ನೊಂದು ಚಹಾ ಹೇಳಿದ.